ಟವರ್ ಹತ್ತುವವರ ಕೊರಳಲ್ಲಿ ಒಂದು ಕೀಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಾಲ್ಕಂತಸ್ತಿನ ವಸತಿ ಕಟ್ಟಡದ ತಾರಸಿಯಲ್ಲಿ, ಯಾರೋ ಒಣಹಾಕಿ ಮರೆತ ಬೆಡ್‌ಶೀಟುಗಳ ನಡುವೆ, ಒಬ್ಬರು ಬಗ್ಗಿ ಬೂಟಿನ ದಾರ ಬಿಗಿಯುತ್ತಿದ್ದಾರೆ. ಸೊಂಟಕ್ಕೆ, ತೊಡೆಗೆ, ಹೆಗಲಿಗೆ ದಪ್ಪ ಪಟ್ಟಿಗಳು. ಎದೆಯ ಮೇಲೆ ಸೋಪಿನ ಬಿಲ್ಲೆಯಷ್ಟು ದೊಡ್ಡ ಹಳದಿ ಪೆಟ್ಟಿಗೆ. ಕೊರಳಲ್ಲಿ ಕಪ್ಪು ದಾರ, ಅದರ ತುದಿಯಲ್ಲಿ ಹಿತ್ತಾಳೆಯ ಪುಟ್ಟ ಕೀಲಿ. ತಲೆಯ ಮೇಲೆ ಕಬ್ಬಿಣದ ಟವರ್; ಅದರ ನೆತ್ತಿಯಲ್ಲಿ ಕಳಚಿಟ್ಟ ಬಾಗಿಲ ರೆಕ್ಕೆಗಳಂತೆ ನಿಂತ ಬಿಳಿ ಆಂಟೆನಾಗಳು.

ಆ ಸಾಲಿನಲ್ಲಿ ಇವತ್ತು ಹೊಸದೊಂದು ಆಂಟೆನಾ ಪೆಟ್ಟಿಗೆ ಕೂರಬೇಕು. ಕೂತರೆ ಸುತ್ತಲಿನ ಬೀದಿಗಳಿಗೆ ಹೊಸ ವೇಗದ ನೆಟ್‌ವರ್ಕ್. ಕೆಳಗೆ ಬಸ್ ನಿಲ್ದಾಣದ ಗೋಡೆಯಲ್ಲಿ ತಿಂಗಳುಗಳಿಂದ ಜಾಹೀರಾತು ಇದೆ: ಫೋನ್ ಹಿಡಿದ ಹುಡುಗಿ ನೆಲ ಬಿಟ್ಟು ಹಾರುತ್ತಿದ್ದಾಳೆ, ವೇಗ ಬಂದಿದೆಯಂತೆ. ವೇಗ ತಾನಾಗಿ ಬರುವುದಿಲ್ಲ. ಅದನ್ನು ಹಗ್ಗಕ್ಕೆ ಕಟ್ಟಿ, ಅಂಗೈ ಸುಲಿಯುವಂತೆ ಎಳೆದು, ಮನುಷ್ಯರು ಮೇಲೇರಿಸುತ್ತಾರೆ. ಅದು ಎಲ್ಲರಿಗೂ ಒಟ್ಟಿಗೆ ಬರುವುದೂ ಇಲ್ಲ. ಮೊದಲು ಕಚೇರಿಗಳ ರಸ್ತೆಗೆ, ಆಮೇಲೆ ಅಂಗಡಿ ಸಾಲಿಗೆ, ಕೊನೆಗೆ, ಮನಸ್ಸು ಬಂದರೆ, ಗೋದಾಮುಗಳ ಹಿಂದಿನ ಬಾಡಿಗೆ ಮನೆಗಳಿಗೆ. ವೇಗವನ್ನು ಹೊತ್ತು ಹತ್ತುವ ಈ ಮನುಷ್ಯರ ಮನೆ ಇರುವುದು ಆ ಗೋದಾಮುಗಳ ಹಿಂದೆ.

ಬೂಟು ಬಿಗಿಯುತ್ತಿರುವ ಇವರನ್ನು ಜೊತೆಯವರೆಲ್ಲ ಬೀಗದಣ್ಣ ಎನ್ನುತ್ತಾರೆ. ಐವತ್ತರ ಅಂಚು, ಒಣಕಲು ಮೈ. ಅರ್ಧ ಆಯಸ್ಸು ಟವರುಗಳ ಮೇಲೇ ಕಳೆದಿದೆ. ಕೆಳಗೆ ಹಗ್ಗ ಹಿಡಿಯುವವರು ಅವರ ಭಾವಮೈದುನ, ಹೆಂಡತಿಯ ತಮ್ಮ. ಬಾಯಿಗೆ ಬಿಡುವಿಲ್ಲದ ಆಸಾಮಿ.

ಆಂಟೆನಾ ಮಾತಾಡುತ್ತಿದೆಯೋ ಸುಮ್ಮನಿದೆಯೋ ಎಂದು ನೋಡಿ ಹೇಳಲಾಗದು. ಅದಕ್ಕೆ ದೀಪವಿಲ್ಲ, ಸದ್ದಿಲ್ಲ. ಬೀದಿಯಲ್ಲಿ ನಡೆಯುವವರು, ಮನೆಯೊಳಗೆ ಮಲಗಿದವರು ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಅದಕ್ಕೆ ಮುಖ ಕೊಟ್ಟು, ತಬ್ಬಿಕೊಳ್ಳುವಷ್ಟು ಹತ್ತಿರ ನಿಂತು ನಟ್ಟು ಬಿಗಿಯುವವರ ಕಥೆ ಬೇರೆ. "ಬಿಸಿಲಿನ ಬಿಸಿ ಮೊದಲು ಚರ್ಮಕ್ಕೆ ಗೊತ್ತಾಗುತ್ತೆ. ಇದರದು ಹಾಗಲ್ಲ. ಒಳಗೆಲ್ಲ ಬಿಸಿಯಾದ ಮೇಲೆ ಚರ್ಮಕ್ಕೆ ಸುದ್ದಿ ಬರುತ್ತೆ," ಎನ್ನುತ್ತಾರೆ ಬೀಗದಣ್ಣ. ಅವರಿಗೆ ಕೆಲಸ ಕಲಿಸಿದ ಮೇಸ್ತ್ರಿಯ ಬಲಗಣ್ಣು ನಡುವಯಸ್ಸಿಗೇ ಹಾಲಿನಂತೆ ಬೆಳ್ಳಗಾಗಿದೆ. ಆಂಟೆನಾದಿಂದಲೇ ಎಂದು ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಅಲ್ಲ ಎಂದೂ ಬರೆದುಕೊಟ್ಟಿಲ್ಲ. ಹೀಗೆ ಎರಡೂ ಕಡೆ ಬರೆಯದೆ ಬಿಟ್ಟ ಜಾಗದಲ್ಲೇ ಈ ಕೆಲಸದವರು ಬದುಕುತ್ತಿದ್ದಾರೆ.

ಆ ಮೇಸ್ತ್ರಿ ಕಲಿಸಿದ ಪದ್ಧತಿ ಸರಳ. ಹತ್ತುವ ಮೊದಲು ಟವರಿನ ಬುಡದ ಕಬ್ಬಿಣದ ಬೀರು ತೆಗೆದು, ಸ್ವಿಚ್ಚನ್ನು ಕೆಳಗೆಳೆದು, ಅದರ ಹಿಡಿಗೆ ಸ್ವಂತ ಬೀಗ ಜಡಿಯಬೇಕು. ಕೀಲಿ ಒಂದೇ. ಅದು ಹತ್ತುವವರ ಕೊರಳಲ್ಲಿರಬೇಕು. ಆಮೇಲೆ ಕೆಳಗೆ ಯಾರು ಕೂಗಾಡಿದರೂ, ಯಾವ ಸಾಹೇಬರು ಬಂದರೂ, ಹತ್ತಿದವರು ಇಳಿಯುವ ತನಕ ಆಂಟೆನಾಕ್ಕೆ ಜೀವ ಬರುವುದಿಲ್ಲ. ಇಳಿದ ಮೇಲೆ ಬೀಗ ತೆಗೆದು ಚೀಲಕ್ಕೆ ಹಾಕಿಕೊಳ್ಳುವುದು.

ಕಳೆದ ವರ್ಷ ಈ ಕೊನೆಯ ಕೆಲಸವನ್ನೇ ಬೀಗದಣ್ಣ ಮರೆತರು. ಅದನ್ನು ಹೇಳುವ ಹಕ್ಕು ಭಾವಮೈದುನನದು. "ಅವತ್ತು ಭಾವನಿಗೆ ಜ್ವರ. ಇಳಿದವರೇ ಸ್ಕೂಟರ್ ಹತ್ತಿ ಮನೆಗೆ ಹೋದ್ರು. ಬೀಗ ಟವರಲ್ಲಿ, ಕೀ ಇವರ ಕುತ್ತಿಗೇಲಿ, ಇವರು ಬಚ್ಚಲಲ್ಲಿ. ನಮ್ಮಕ್ಕ ನೀರು ಹಾಕೋಕೆ ಹೋದೋಳು ನೋಡಿ, 'ಇದು ಯಾರ ಮನೆ ಕೀ ರೀ?' ಅಂದ್ಳು. ಕಿವೀಲಿ ಸೋಪಿನ ನೊರೆ ಇಟ್ಕೊಂಡೇ ವಾಪಸ್ ಓಡಿಬಂದ್ರು."

ಅಷ್ಟರಲ್ಲಿ ಫೋನುಗಳೆಲ್ಲ ಸತ್ತು ಇಡೀ ಬಡಾವಣೆ ಟವರಿನ ಬುಡದಲ್ಲಿ ಸೇರಿತ್ತು. ಆಸ್ಪತ್ರೆಯಲ್ಲಿದ್ದ ಮಗಳ ಫೋನಿಗೆ ಕಾದಿದ್ದ ಮುದುಕರೊಬ್ಬರು, "ನಾನು ಯಾವಾಗ ತಾತ ಆಗ್ಬೇಕು ಅಂತ ನಿನ್ನ ಕೇಳ್ಬೇಕೇನಯ್ಯಾ?" ಎಂದು ಬೈದರಂತೆ. ಅಂದಿನಿಂದ ಬೀಗದಣ್ಣನ ಹೆಂಡತಿ ಒಂದು ರೂಢಿ ಇಟ್ಟುಕೊಂಡಿದ್ದಾರೆ. ಗಂಡ ಸಂಜೆ ಬಂದರೆ ಬಾಗಿಲಲ್ಲೇ ತಡೆದು ಕೇಳುತ್ತಾರೆ: "ಕೀ ಮಾತ್ರ ಬಂತೋ, ಬೀಗಾನೂ ಬಂತೋ?" ಎರಡನ್ನೂ ತೋರಿಸಿದ ಮೇಲೇ ಪ್ರವೇಶ.

ಮನೆಯಲ್ಲಿ ನಗೆಯಾದದ್ದು ಕಚೇರಿಯಲ್ಲಿ ಅಸ್ತ್ರವಾಗಿದೆ. ಕಂಪನಿಯಿಂದ ಗುತ್ತಿಗೆ ಹಿಡಿದವರು ಈಗ ಹೊಸ ನಿಯಮ ತಂದಿದ್ದಾರೆ. ಶನಿವಾರದೊಳಗೆ ಎಲ್ಲ ತಂಡಗಳೂ ಬೀಗ, ಕೀಲಿ ಒಪ್ಪಿಸಬೇಕು. ಇನ್ನು ಸ್ವಿಚ್ ಮುಟ್ಟುವಂತಿಲ್ಲ. ದೂರದ ಕಚೇರಿಯಲ್ಲಿ ಕೂತವರು ಬೇಕಾದ ಆಂಟೆನಾವನ್ನಷ್ಟೇ ಆರಿಸುತ್ತಾರೆ, ಉಳಿದವು ನಡೆಯುತ್ತಿರುತ್ತವೆ. ಈ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಇಡೀ ಬಡಾವಣೆಯ ಬಾಯಿ ಕಟ್ಟುವುದು ತಪ್ಪುತ್ತದೆ. ಆದರೆ ಒಬ್ಬರು ಜ್ವರದಲ್ಲಿ ಒಮ್ಮೆ ಮರೆತರೆಂದು ಹತ್ತುವ ಅಷ್ಟೂ ಜನರ ಕೊರಳ ಕೀಲಿ ಕಿತ್ತುಕೊಳ್ಳುವವರು, ಆ ಕಚೇರಿಯಲ್ಲಿ ಯಾರಿಗೂ ಮರೆವು ಬರುವುದಿಲ್ಲವೆಂದು ಹೇಗೆ ನಂಬಿದರು?

ಹೊಸ ನಿಯಮದ ಮೊದಲ ಬೆಳಗು ಇದು. ಬೀಗ ಚೀಲದಲ್ಲೇ ಇದೆ. ಫೋನಿನಲ್ಲಿ ಕಚೇರಿಯ ಎಳೆಯ ದನಿ ಹೇಳುತ್ತದೆ: "ಆಫ್ ಆಗಿದೆ ಅಣ್ಣ, ಹತ್ತಿ."

"ಖಾತ್ರಿನಾ?"

"ಸ್ಕ್ರೀನ್ ಮೇಲೆ ಕೆಂಪು ತೋರಿಸ್ತಿದೆ ಅಣ್ಣ."

ಭಾವಮೈದುನ ಗೊಣಗುತ್ತಾರೆ. "ಅವನಿಗೆ ಕೆಂಪು ಕಾಣ್ಸುತ್ತೆ. ನಮಗೇನು ಕಾಣ್ಸುತ್ತೆ, ಬೆಡ್‌ಶೀಟು."

ಬೀಗದಣ್ಣ ಹತ್ತುತ್ತಾರೆ. ಒಂದು ಕೊಕ್ಕೆ ಬಿಡಿಸಿ ಮೇಲೆ ಸಿಕ್ಕಿಸಿ, ಇನ್ನೊಂದು ಬಿಡಿಸಿ ಮೇಲೆ ಸಿಕ್ಕಿಸಿ, ಅವಸರವಿಲ್ಲದ ನಡೆ. ಎದೆ ಆಂಟೆನಾದ ಮಟ್ಟಕ್ಕೆ ಬರುವಷ್ಟರಲ್ಲಿ ಹಳದಿ ಪೆಟ್ಟಿಗೆ ಕಿರುಚತೊಡಗುತ್ತದೆ. ಅದು ಕಿರುಚುವುದು ಎದುರಿನ ಆಂಟೆನಾಕ್ಕೆ ಜೀವ ಇದ್ದಾಗ ಮಾತ್ರ. ಬೀಗದಣ್ಣ ಕಂಬದ ಹಿಂಬದಿಗೆ ಸರಿದು, ಹತ್ತಿದಷ್ಟೇ ನಿಧಾನವಾಗಿ ಇಳಿಯುತ್ತಾರೆ. ಬೈಗುಳವಿಲ್ಲ. ತಾರಸಿಗೆ ಕಾಲಿಟ್ಟ ಮೇಲೆ ಕಚೇರಿಗೆ ಫೋನ್ ಮಾಡಿ, ಆಂಟೆನಾ ಇನ್ನೂ ಆರಿಲ್ಲ ಎನ್ನುತ್ತಾರೆ.

ಫೋನಿನ ಆಚೆ ಕೀಲಿಮಣೆಯ ಟಪಟಪ. "ಅಣ್ಣ, ಪಕ್ಕದ ಏರಿಯಾ ಟವರಿನ ಆಂಟೆನಾ ಆಫ್ ಮಾಡಿಬಿಟ್ಟಿದೀನಿ. ನಂಬರ್ ಒಂದೇ ಥರ ಇತ್ತು. ಬೇಜಾರ್ ಮಾಡ್ಕೋಬೇಡಿ."

"ಬೇಜಾರು ನಿಮ್ಮ ಮೇಲಲ್ಲಪ್ಪ," ಎನ್ನುತ್ತಾರೆ ಬೀಗದಣ್ಣ. "ನೀವು ತಪ್ಪಿದ್ರೂ ನಾನೇ ಸುಡೋದು, ನಾನು ತಪ್ಪಿದ್ರೂ ನಾನೇ ಸುಡೋದು. ಹಾಗಿದ್ಮೇಲೆ ಆ ತಪ್ಪು ನನ್ನ ಕೈಲೇ ಇರ್ಲಿ."

ಚೀಲದಿಂದ ಬೀಗ ಹೊರಬರುತ್ತದೆ. ಬೀರು ತೆರೆಯುತ್ತದೆ, ಸ್ವಿಚ್ಚು ಬೀಳುತ್ತದೆ, ಬೀಗ ಕಟಕ್ಕೆನ್ನುತ್ತದೆ. ಮರುಗಳಿಗೆಗೇ ಮೇಲಂತಸ್ತಿನ ನರ್ಸಮ್ಮ ಕೈಯಲ್ಲಿ ಫೋನ್ ಹಿಡಿದು ತಾರಸಿಗೆ ಬರುತ್ತಾರೆ. ಆಸ್ಪತ್ರೆಯಿಂದ ನಿವೃತ್ತರು, ದಿನಾ ಈ ಹೊತ್ತಿಗೆ ಊರಾಚೆಯ ತಂಗಿಯ ಮುಖವನ್ನು ಫೋನಿನಲ್ಲಿ ನೋಡಿಯೇ ಅವರ ಬೆಳಗು.

"ಏನಪ್ಪಾ ಇದು, ನನ್ನ ತಂಗಿ ಬಾಯಿ ತೆರೆದಂಗೇ ನಿಂತುಬಿಟ್ಟಿದಾಳೆ."

ಬೀಗದಣ್ಣ ನಡೆದದ್ದನ್ನೆಲ್ಲ ಹೇಳುತ್ತಾರೆ. ನರ್ಸಮ್ಮ ಕೀಲಿಯನ್ನೇ ನೋಡುತ್ತಾರೆ. "ವಾರ್ಡಲ್ಲಿ ಔಷಧಿ ಬೀರುವಿನ ಕೀ ನನ್ನ ಸೊಂಟದಲ್ಲೇ ಇರ್ತಿತ್ತು. ದೊಡ್ಡ ಡಾಕ್ಟರ್ ಕೇಳಿದ್ರೂ ಕೊಡ್ತಿರ್ಲಿಲ್ಲ. ಹತ್ತಪ್ಪಾ. ಅವಳ ಬಾಯಿ ಮಧ್ಯಾಹ್ನದ ತನಕ ಹಾಗೇ ಇರ್ಲಿ, ಏನೂ ಆಗಲ್ಲ."

ಈ ಸಲ ಹಳದಿ ಪೆಟ್ಟಿಗೆ ತುಟಿ ಬಿಚ್ಚುವುದಿಲ್ಲ. ಒಬ್ಬ ಆಳಿನ ಅರ್ಧ ತೂಕದ ಹೊಸ ಪೆಟ್ಟಿಗೆ ಹಗ್ಗದಲ್ಲಿ ತೂಗುತ್ತ ಮೇಲೇರುತ್ತದೆ. ಕೆಳಗೆ ಭಾವಮೈದುನ ಹಗ್ಗ ಬಿಗಿಹಿಡಿದು, ಮಾತು ನಿಲ್ಲಿಸಿ ನಿಂತಿದ್ದಾರೆ. ಅವರು ಮಾತು ನಿಲ್ಲಿಸುವುದು ಈ ಹೊತ್ತಿನಲ್ಲಿ ಮಾತ್ರ. ಸೂರ್ಯ ನೆತ್ತಿಗೆ ಬರುವಾಗ ಬೀಗದಣ್ಣ ಇಳಿದು, ಬೀಗ ತೆಗೆದು, ಸ್ವಿಚ್ಚು ಎತ್ತುತ್ತಾರೆ. ಮೇಲಂತಸ್ತಿನ ಕಿಟಕಿಯಿಂದ ನರ್ಸಮ್ಮ ತಂಗಿಯನ್ನು ಗದರುವುದು ಕೇಳುತ್ತದೆ: "ಸಾಕು, ಬಾಯಿ ಮುಚ್ಚೇ ಈಗ."

ಅಷ್ಟರಲ್ಲಿ ಮೇಲ್ವಿಚಾರಕರ ಫೋನು. ಕಚೇರಿಯ ತಪ್ಪಿನ ಮಾತು ಅವರ ಬಾಯಲ್ಲಿ ಬರುವುದೇ ಇಲ್ಲ. ನಿಯಮ ಮೀರಿ ಸ್ವಿಚ್ ಯಾಕೆ ಮುಟ್ಟಿದ್ದು, ಬೀಗ ಯಾವಾಗ ಒಪ್ಪಿಸುವುದು, ಇಷ್ಟೇ.

"ಶನಿವಾರ ತಂದ್ಕೊಡ್ತೀನಿ ಸಾರ್," ಎನ್ನುತ್ತಾರೆ ಬೀಗದಣ್ಣ. "ಹತ್ತೋಕೆ ಕಟ್ಕೊಳ್ಳೋ ಈ ಪಟ್ಟಿಗಳನ್ನೂ ಜೊತೆಗೇ ತರ್ತೀನಿ. ಬೀಗ ಇಲ್ದೆ ನನಗೆ ಅದರಲ್ಲಿ ಕೆಲಸ ಇಲ್ಲ."

ಆ ಕಡೆಯವರು, ನೋಡೋಣ ಎಂದು ಫೋನಿಡುತ್ತಾರೆ. ಆ ಮಾತಿನ ಅರ್ಥ ಶನಿವಾರವೇ ಗೊತ್ತಾಗಬೇಕು.

ಸಂಜೆ ಗೋದಾಮುಗಳ ಹಿಂದಿನ ಒಂದೂವರೆ ಕೋಣೆಯ ಮನೆ. ಇಲ್ಲಿಗೆ ಹೊಸ ನೆಟ್‌ವರ್ಕ್ ಇನ್ನೂ ಬಂದಿಲ್ಲ; ಫೋನ್ ಕಿಟಕಿಯ ಸರಳಿಗೆ ನೇತುಬಿದ್ದಿದೆ, ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಬಾಗಿಲಿಗೆ ಕೈ ಅಡ್ಡ ಇಟ್ಟು ಹೆಂಡತಿ ಕೇಳುತ್ತಾರೆ: "ಕೀ ಮಾತ್ರ ಬಂತೋ, ಬೀಗಾನೂ ಬಂತೋ?"

ಬೀಗದಣ್ಣ ಎರಡನ್ನೂ ಅಂಗೈಯಲ್ಲಿಟ್ಟು ತೋರಿಸುತ್ತಾರೆ. ಆಮೇಲೆ ಹೊಸ್ತಿಲ ಮೇಲೆ ಕೂತು ಬೂಟು ಬಿಚ್ಚುತ್ತ ಹೇಳುತ್ತಾರೆ, "ನನಗೆ ದೊಡ್ಡ ಆಸೆ ಏನಿಲ್ಲ. ಶನಿವಾರ ಆದ್ಮೇಲೂ ನೀನು ಹಿಂಗೇ ಅಡ್ಡ ನಿಂತು ಕೇಳ್ಬೇಕು, ಅಷ್ಟೇ."