ಕ್ಲಬ್ಬಿನಲ್ಲಿ ಮಲಗಿದ ವ್ಯಾನಕ್ಕ

ಶಾಲೆಯ ವ್ಯಾನು ಓಡಿಸುವ ಅವಳನ್ನು ಮಕ್ಕಳು ವ್ಯಾನಕ್ಕ ಎಂದು ಕರೆಯುತ್ತಿದ್ದರು; ಬರಬರುತ್ತ ಬೀದಿಗೆ ಬೀದಿಯೇ ಹಾಗೆ ಕರೆಯತೊಡಗಿತು. ಹೆಂಗಸು ವ್ಯಾನು ಓಡಿಸುವುದುಂಟೇ ಎಂದು ಮೂಗು ಮುರಿದವರ ಮಕ್ಕಳೇ ಈಗ ಅವಳ ವ್ಯಾನಿನಲ್ಲಿ ಕಿಟಕಿ ಸೀಟಿಗೆ ಕಿತ್ತಾಡುತ್ತಿದ್ದರು. ಗಂಡ ದರ್ಜಿ. ಮುಂದಿನ ಕೋಣೆಯಲ್ಲಿ ಅವನ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಇಬ್ಬರ ಹಾಸಿಗೆ. ಆ ಹಾಸಿಗೆಯ ತಲೆದಿಂಬು ತಾಗುವ ಗೋಡೆಯ ಆಚೆಗೆ ಒಂದು ಡ್ಯಾನ್ಸ್ ಕ್ಲಬ್ ಬಂದು ಕೂತಿತು.

ಊರು ಮಲಗುವ ಹೊತ್ತಿಗೆ ಅದು ಏಳುತ್ತಿತ್ತು. ಗೋಡೆ ಧಿಮ್ ಧಿಮ್ ಎನ್ನುತ್ತಿತ್ತು, ಶೆಲ್ಫಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತಿದ್ದವು, ಬೆಳಗಿನ ಜಾವದ ತನಕ ಕಣ್ಣು ಹತ್ತುತ್ತಿರಲಿಲ್ಲ. ದರ್ಜಿಯಾದರೆ ಮಧ್ಯಾಹ್ನ ಬಟ್ಟೆರಾಶಿಗೆ ಒರಗಿ ಒಂದು ಕೋಳಿನಿದ್ದೆ ತೆಗೆಯಬಹುದು. ಸೂಜಿ ದಾರಿ ತಪ್ಪಿದರೆ ಅಂಗಿ ಹಾಳು, ಅಷ್ಟೆ. ಅವಳ ಬೆನ್ನ ಹಿಂದೆ ಕೂತಿರುವವರು ಊರವರ ಮಕ್ಕಳು.

"ಹೋಗಿ ಒಂದು ಮಾತು ಹೇಳಿ ಬನ್ರೀ" ಎಂದು ಗಂಡನನ್ನು ಅಟ್ಟಿದಳು. ದರ್ಜಿಯೋ ಇರುವೆಗೂ ದಾರಿ ಬಿಟ್ಟು ನಡೆಯುವ ಪ್ರಾಣಿ. ಜಗಳಕ್ಕೆಂದು ಹೋದವನು, ಕ್ಲಬ್ಬಿನ ಯಜಮಾನನ ಕೋಟು ತೋಳಿನ ಹತ್ತಿರ ಸುಕ್ಕುಗಟ್ಟಿದ್ದನ್ನು ಕಂಡ. ನಾಲಿಗೆಯ ಮೇಲಿದ್ದ ಮಾತು ಮರೆತುಹೋಗಿ, ಕೊರಳಲ್ಲಿದ್ದ ಅಳತೆ ಟೇಪು ಕೈಗೆ ಬಂತು. ವೇಟರುಗಳಿಗೆಲ್ಲ ಕೋಟು ಹೊಲಿಯುವ ಕೆಲಸ ಹಿಡಿದುಕೊಂಡು ಮನೆಗೆ ಬಂದ. ಹೋದ ಪುಟ್ಟ ಬಂದ ಪುಟ್ಟ ಎನ್ನೋಣವೆಂದರೆ ಅದೂ ಅಲ್ಲ, ಬಗಲಲ್ಲಿ ಬಟ್ಟೆಯ ಗಂಟು ಬೇರೆ! ವ್ಯಾನಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿ, ಗಂಟನ್ನು ಇಸಿದುಕೊಂಡು ಹೊಲಿಗೆ ಯಂತ್ರದ ಪಕ್ಕ ಇಟ್ಟಳು. ಬೈಸಿಕೊಂಡಿದ್ದರೇ ವಾಸಿಯಿತ್ತು ಎಂದು ಅವನಿಗೆ ಅನ್ನಿಸಿತು.

ಹೀಗಿರುವಾಗ ಒಂದು ಬೆಳಿಗ್ಗೆ, ಶಾಲೆಗೆ ಹೋಗುವ ದಾರಿಯ ತಿರುವಿನಲ್ಲಿ, ಅವಳ ರೆಪ್ಪೆ ಮುಚ್ಚಿಕೊಂಡಿತು. ವ್ಯಾನು ಫುಟ್‌ಪಾತ್ ಹತ್ತಿ, ದೀಪದ ಕಂಬಕ್ಕೆ ಗೇಣು ದೂರದಲ್ಲಿ ನಿಂತಿತು. ಮಕ್ಕಳು "ಇನ್ನೊಂದ್ಸಲ, ಇನ್ನೊಂದ್ಸಲ!" ಎಂದು ಚಪ್ಪಾಳೆ ತಟ್ಟಿದರು. ಅವಳು ಎಲ್ಲರನ್ನೂ ಇಳಿಸಿ, ಒಬ್ಬರ ಕೈ ಒಬ್ಬರಿಗೆ ಹಿಡಿಸಿ, ಶಾಲೆಯವರೆಗೆ ನಡೆಸಿಕೊಂಡು ಹೋಗಿ ಬಿಟ್ಟು ಬಂದಳು.

"ಸಂಜೆಗೆ ಬೇರೆ ಡ್ರೈವರ್ ನೋಡ್ಕೊಳ್ಳಿ ಅಂತ ಹೇಳಿ ಬಂದೆ" ಎಂದಳು ಗಂಡನಿಗೆ. "ಇವತ್ತು ನಿದ್ದೆ ಬಂದ್ರೆ ನಾಳೆ ಓಡಿಸ್ತೀನಿ. ಇಲ್ದಿದ್ರೆ ಈ ಕೆಲಸಾನೇ ಬಿಟ್ಟೆ. ನಿದ್ದೆಗೆಟ್ಟ ಕಣ್ಣು ನಂಬಿ ಯಾರ ಮಕ್ಕಳನ್ನೂ ಕೂರಿಸ್ಕೊಳ್ಳಲ್ಲ."

ಮಧ್ಯಾಹ್ನ ಚಾಪೆ ಸುತ್ತಿ, ದಿಂಬನ್ನು ಬಗಲಿಗಿಟ್ಟು ಹೊರಟೇಬಿಟ್ಟಳು.

"ಎಲ್ಲಿಗೇ?"

"ಕ್ಲಬ್ಬಿಗೆ, ಮಲಗೋಕೆ. ನಮ್ಮ ರಾತ್ರಿ ಅವರು ತಗೊಂಡ್ರಲ್ಲ, ಅವರ ಹಗಲು ನಾನು ತಗೋತೀನಿ."

ದರ್ಜಿ ಚಪ್ಪಲಿ ಮೆಟ್ಟುವುದನ್ನೂ ಮರೆತು ಹಿಂದೆ ಓಡಿದ. ಕ್ಲಬ್ಬಿನಲ್ಲಿ ಕುರ್ಚಿಗಳು ಮೇಜಿನ ಮೇಲೆ ತಲೆಕೆಳಗಾಗಿದ್ದವು. ಒರೆಸಿದ ನೆಲ ಆಗಷ್ಟೇ ಆರಿತ್ತು. ಅವಳು ಕುಣಿಯುವ ಜಾಗದ ನಟ್ಟನಡುವೆ ಚಾಪೆ ಹಾಸಿ, ಯಾರನ್ನೂ ಕೇಳದೆ ಮೈಚಾಚಿದಳು. ನಿದ್ದೆ ಸುಖವನ್ನರಿಯದು ಎನ್ನುತ್ತಾರಲ್ಲ, ದರ್ಜಿ ಹತ್ತಿರ ಬರುವಷ್ಟರಲ್ಲಿ ಗೊರಕೆ ಕೇಳಿಸಿತು.

ಮೂಲೆಯಲ್ಲಿ ರಾತ್ರಿಯ ಕುಣಿತಕ್ಕೆ ತಾಲೀಮು ಮಾಡುತ್ತಿದ್ದ ಡ್ರಮ್ಮಿನವನು ಎತ್ತಿದ ಕೋಲನ್ನು ಮೆಲ್ಲಗೆ ಇಳಿಸಿದ. ಯಜಮಾನ ಒಳಗಿನಿಂದ ಧಾವಿಸಿ ಬಂದ. ಅವನ ದನಿಗೆ ಸ್ಪೀಕರೇ ಬೇಕಿರಲಿಲ್ಲ. "ಯಾರ್ರೋ ಇದು? ಎಬ್ಬಿಸ್ರೋ!"

ಸುತ್ತ ಸೇರಿದ್ದ ವೇಟರುಗಳಲ್ಲಿ ಯಾರೂ ಮುಂದೆ ಬರಲಿಲ್ಲ. ಹಾಗೆ ಮೈಮರೆತು ಮಲಗಿದವಳನ್ನು ಎಬ್ಬಿಸಲು ಯಾರಿಗೆ ಮನಸ್ಸು ಬಂದೀತು? ಕೊನೆಗೆ ಯಜಮಾನನೇ ಬಗ್ಗಿದ. ಬಗ್ಗಿದವನು ಹಾಗೇ ನಿಂತುಬಿಟ್ಟ. ಅವಳ ಬಲಗಾಲು ನಿದ್ದೆಯಲ್ಲೇ ಏನನ್ನೋ ಬಲವಾಗಿ ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು.

"ಕಾಲಿಗೇನಾಗಿದೆ?"

"ಬ್ರೇಕು" ಎಂದ ದರ್ಜಿ. "ಬೆಳಿಗ್ಗೆ ನನ್ನ ಹೆಂಡತಿ ತೂಕಡಿಸಿ, ವ್ಯಾನು ಕಂಬಕ್ಕೆ ಗುದ್ದೋದಿತ್ತು. ಒಳಗೆ ತುಂಬ ಮಕ್ಕಳು. ನಿಮ್ಮ ಸದ್ದಿಗೆ ನಮಗೆ ನಿದ್ದೆ ಇಲ್ಲ ಸ್ವಾಮಿ." ತಿಂಗಳುಗಟ್ಟಲೆ ಬಾಯಿಗೆ ಬಾರದ ಮಾತು ಈಗ ತಾನಾಗಿ ಬಂತು.

ಯಜಮಾನ ಆ ಕಾಲನ್ನೇ ನೋಡುತ್ತ ತನ್ನ ಬೂಟು ಕಳಚಿದ. ಅವನನ್ನು ಕಂಡು ಉಳಿದವರೂ ಕಳಚಿದರು. ಆಳೆತ್ತರದ ಸ್ಪೀಕರುಗಳನ್ನು ನಾಲ್ಕಾರು ಜನ ಹೊತ್ತು, ತುದಿಗಾಲಲ್ಲಿ, ಉಸಿರು ಬಿಗಿಹಿಡಿದು, ದರ್ಜಿಯ ಮನೆಯ ಗೋಡೆಯಿಂದ ಆಚೆ ಗೋಡೆಗೆ ಸಾಗಿಸಿದರು. ಸಂಜೆ ಬಂದ ಗಿರಾಕಿಗಳನ್ನು ಯಜಮಾನ ಬಾಗಿಲಲ್ಲೇ ತಡೆದು, ತುಟಿಯ ಮೇಲೆ ಬೆರಳಿಟ್ಟು ವಾಪಸು ಕಳಿಸಿದ. "ನಾಳೆಯಿಂದ ಹತ್ತಕ್ಕೇ ನಿಲ್ಲಿಸ್ತೀನಿ" ಎಂದು ದರ್ಜಿಯ ಕಿವಿಯಲ್ಲಿ ಪಿಸುಗುಟ್ಟಿದ. "ಈಗ ಎಬ್ಬಿಸಬೇಡಿ."

ದರ್ಜಿ ಹೆಂಡತಿಯ ಕಾಲ ಬಳಿ ಕೂತ. ಇಷ್ಟು ವರ್ಷ ತನ್ನ ಜೊತೆ ಬಾಳಿದವಳು ಇವಳೇನಾ ಎಂದು ಬೆರಗಾದ. ಒಂದು ಮಾತೂ ಆಡದೆ, ಕಣ್ಣು ಮುಚ್ಚಿಕೊಂಡೇ, ಇಡೀ ಕ್ಲಬ್ಬನ್ನು ಬರಿಗಾಲಲ್ಲಿ ನಿಲ್ಲಿಸಿದ್ದಳು. ಕತ್ತಲಾಗಿ ಎಷ್ಟೋ ಹೊತ್ತಾದ ಮೇಲೆ ಆ ಕಾಲು ಸುಮ್ಮನಾಯಿತು. ಅವನು ಕಣ್ಣೊರೆಸಿಕೊಂಡ.

ಬೆಳಕು ಹರಿಯುವಾಗ ವ್ಯಾನಕ್ಕ ಎದ್ದು ಕೂತಳು. ಕುರ್ಚಿಗಳಲ್ಲಿ, ಗೋಡೆಯ ಬುಡದಲ್ಲಿ, ಗಂಡಸರೆಲ್ಲ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಅವಳು ಕಿಟಕಿಯತ್ತ ನೋಡಿ ಗಾಬರಿಯಾಗಿ ಗಂಡನ ಭುಜ ಅಲುಗಿಸಿದಳು.

"ರೀ, ಎಬ್ಬಿಸಬಾರದಿತ್ತಾ? ಮಕ್ಕಳು ಬೀದೀಲಿ ಕಾಯ್ತಿರ್ತಾರೆ!"