ಬಾಯ್ಲರ್ ಕೋಣೆಗೆ ಇಳಿದ ಕಮಾಂಡರ್

ಖಾನಾಪುರಕ್ಕೆ ಹೋದ ಆ ದಿನ ಮಳೆ ಇತ್ತೆಂದು ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ಮಳೆ ಬಿದ್ದರೆ ನೆನಪು ಸುಮ್ಮನೆ ಚೆಂದವಾಗಿಬಿಡುತ್ತದೆ. ಖಚಿತವಾಗಿ ಹೇಳಬಲ್ಲದ್ದು ಇಷ್ಟು: ಬೆಳಗಾವಿಯ ಸದಾಶಿವನಗರದಿಂದ ಕಾರು ನಡೆಸಿದವನು ನಾನು, ಪಕ್ಕದಲ್ಲಿ ತೊಂಬತ್ತು ದಾಟಿದ ದೊಡ್ಡಪ್ಪ.

ದೊಡ್ಡಪ್ಪ ನೌಕಾಪಡೆಯಲ್ಲಿ ಕಮಾಂಡರ್ ಆಗಿದ್ದವರು. ಯುದ್ಧ ಶುರುವಾದಾಗ ಅವರ ಕೈಗೆ ಬಂದದ್ದು ಬೇರೆ ದೇಶದವರು ಬಳಸಿ ಬಿಟ್ಟ ಹಳೆಯ ಹಡಗುಗಳ ದಳ. ದೊಡ್ಡಪ್ಪ ಇದ್ದ ಹಡಗಿನ ಬಾಯ್ಲರ್ ನೋಡಿಕೊಂಡವರು ಖಾನಾಪುರದವರು. ಅವರನ್ನು ನಾನು ಮಾಮಾ ಎನ್ನುತ್ತೇನೆ. ಎದೆಯೊಳಗೆ ಯಂತ್ರ ಕೂರಿಸದಿದ್ದರೆ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು ಎಂದು ಬೆಳಗಾವಿಯ ಡಾಕ್ಟರು ಮಾಮಾಗೆ ಹೇಳಿದ್ದರು. ಮಾಮಾ ಒಲ್ಲೆನೆಂದು ಕೂತಿದ್ದರು. ಅವರ ಹೆಂಡತಿ ಮಾಮಿ ಫೋನ್ ಮಾಡಿ ದೊಡ್ಡಪ್ಪನನ್ನು ಕರೆಸಿದ್ದಳು.

"ಏಳೋ, ದವಾಖಾನಿಗೆ ಹೋಗೂಣು, ಕಾರು ಹೊರಗ ನಿಂತೈತಿ. ಇದು ಹುಕುಂ," ಮಾಮಾನ ಮನೆಯೊಳಗೆ ಕಾಲಿಡುತ್ತಲೇ ಎಂದರು ದೊಡ್ಡಪ್ಪ.

"ಹುಕುಂ ಕೊಡಾಕ ಹಡಗ ಎಲ್ಲೈತ್ರಿ ಸಾಹೇಬ್ರ? ಗುಜರಿಗೆ ಹೋಗಿ ಎಷ್ಟ ವರ್ಷ ಆತು!"

"ಹಡಗ ಹೋದ್ರೂ ಇವರ ಹಟ ಹೋಗಿಲ್ಲ ನೋಡ್ರಿ," ಮಾಮಿ ಚಹಾ ತಂದಿಟ್ಟಳು.

ಮಾಮಾ ನಗಲಿಲ್ಲ. "ಯುದ್ಧದ ಮೊದಲನೇ ದಿನ ನೀವು ಬಾಯ್ಲರ್ ಕೋಣಿಗೆ ಇಳದ್ರಿ. ಯಾವ ಕಮಾಂಡರ್ರೂ ಇಳಿಯೂದಿಲ್ಲ. ನನ್ನ ಬಾಜೂಕ ಕುಂತ ಉಗಿ ಒತ್ತಡದ ಗೇಜ್ ನೋಡಿದ್ರಿ. ನನ್ನ ಕೆಲಸದ ಮ್ಯಾಲ ನಿಮಗ ಭರೋಸಾ ಇರಲಿಲ್ಲ. ಈಗ ನಿಮ್ಮ ಮಾತ ನಾ ಯಾಕ ಕೇಳ್ಲಿ?"

ದೊಡ್ಡಪ್ಪ ಕಪ್ಪು ಕೆಳಗಿಟ್ಟರು.

"ಗೇಜ್ ಯಾರ ನೋಡಿದ್ರೋ? ನನಗ ಹೆದರಿಕಿ ಆಗಿತ್ತು. ವೈರಿಗಳ ಹಡಗ ಹೊಸಾವು, ನಮ್ಮೂ ಮುದುಕ್ಯಾರು. ಮ್ಯಾಲ ಎಲ್ಲಾರೂ ನನ್ನ ಮಾರಿನ ನೋಡ್ತಿದ್ರು. ಕೆಳಗ ನೀ ಬಾಯ್ಲರ್ ಜೋಡಿ ಬೈಕೋತ ಮಾತಾಡ್ಕೋತ ಕುಂತಿದ್ದಿ. ಅದನ್ನ ಕೇಳಿದ್ರ ಸ್ವಲ್ಪ ಧೈರ್ಯ ಬರ್ತಿತ್ತು."

"ಖರೇ?"

"ಖರೇ."

"ಆವಾಗ ಹೇಳಾಕ ಏನಾಗಿತ್ರಿ?"

"ಕಮಾಂಡರ್ ಹಂಗ ಹೇಳ್ತಾನೇನೋ, ಹುಚ್ಚಾ!"

ಮಾಮಾ ತಮ್ಮ ಎದೆಯ ಮೇಲಿನ ಅಂಗಿಗುಂಡಿಯನ್ನೇ ತಿರುವುತ್ತ ಕೂತರು. ಆಮೇಲೆ ಮೆಲ್ಲಗೆ, ಮಾಮಿಗೆ ಕೇಳಿಸಬಾರದೆನ್ನುವಂತೆ, "ನನಗೂ ಹೆದರಿಕಿ ಆಗೇತ್ರಿ," ಎಂದರು.

"ಗೊತ್ತೈತಿ. ನಾ ಬರ್ತೀನಿ. ಅಲ್ಲೇ ಇರ್ತೀನಿ."

ಮಾಮಿ ಆಗಲೇ ಸ್ವೆಟರ್ ಮಡಚಿ ಚೀಲಕ್ಕೆ ತುರುಕುತ್ತಿದ್ದಳು. ಇಬ್ಬರು ಮುದುಕರೂ ಕೈ ಚಾಚಿದರು. ಯಾರು ಯಾರನ್ನು ಎಬ್ಬಿಸಿದರೋ ನಾನು ಹೇಳಲಾರೆ. ಇಬ್ಬರೂ ಎದ್ದರು.