ಸೋಲಲು ಹೊರಟ ಓನರ್

“ಮೇಡಂ, ನಿಮ್ಮ ಸರ್ವರ್ ಸರಿಯಿಲ್ಲ. ನಾನು ಗೆಲ್ತಾನೇ ಇದೀನಿ.”

ಸೋಮವಾರ ಬೆಳಿಗ್ಗೆ, ಒಗ್ಗರಣೆ ಸಿಡಿಯುವ ಹೊತ್ತಿಗೆ ಬಂದ ಫೋನ್. ಒಲೆ ಆರಿಸಿ ಇನ್ನೊಮ್ಮೆ ಕೇಳಿದೆ. ಅದೇ ಮಾತು. ಈ ವ್ಯಾಪಾರಕ್ಕೆ ಇಳಿದ ಮೇಲೆ ಬೈಗುಳ ಬೇಕಾದಷ್ಟು ತಿಂದಿದ್ದೇನೆ. ಆಟ ನಿಧಾನ, ಆಟ ನಿಂತೇಹೋಯಿತು, ಎದುರಿನವನು ಮೋಸ ಮಾಡುತ್ತಿದ್ದಾನೆ. ಸೋತವರೆಲ್ಲ ಸರ್ವರ್ ಅನ್ನೇ ಬೈಯುತ್ತಾರೆ, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಗೆದ್ದವರು ಬೈದದ್ದು ಇದೇ ಮೊದಲು.

ನನ್ನ ವ್ಯಾಪಾರ ಏನೆಂದು ಹಳೆಯ ಓದುಗರಿಗೆ ಗೊತ್ತು. ಹೊಸಬರಿಗಾಗಿ ನಾಲ್ಕು ಸಾಲು. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ದಾಸರಹಳ್ಳಿಯಿಂದ ಅಲ್ಲಿಗೆ ಹೋಗಿಬರುವಷ್ಟರಲ್ಲೇ ದಿನ ಮುಗಿಯುತ್ತಿತ್ತು (ಸಂಬಳ ಕೊಟ್ಟಿದ್ದು ಕೆಲಸಕ್ಕೋ, ಕ್ಯಾಬಿನಲ್ಲಿ ಕೂತಿದ್ದಕ್ಕೋ, ಇವತ್ತಿಗೂ ಗೊತ್ತಿಲ್ಲ). ಬಿಟ್ಟೆ. ಈಗ ಸಿಂಗಾಪುರದಲ್ಲೆಲ್ಲೋ ಇರುವ ದೊಡ್ಡ ಕಂಪ್ಯೂಟರಿನ, ಅಂದರೆ ಸರ್ವರಿನ, ಒಂದು ಚೂರನ್ನು ಅಗ್ಗದ ಬಾಡಿಗೆಗೆ ಹಿಡಿದು, ಅದನ್ನೇ ಇನ್ನಷ್ಟು ಚೂರು ಮಾಡಿ, ಆನ್‌ಲೈನ್ ಗೇಮ್ ಆಡುವ ಗುಂಪುಗಳಿಗೆ ಒಳಬಾಡಿಗೆಗೆ ಕೊಡುತ್ತೇನೆ. ಒಂಥರಾ ವಠಾರ. ಒಂದೇ ನಲ್ಲಿ, ಎಂಟು ಸಂಸಾರ. ಎಲ್ಲರೂ ಒಟ್ಟಿಗೆ ಬಿಂದಿಗೆ ಹಿಡಿದು ಬರದಿದ್ದರೆ ನಾನು ಸುಖಿ. ಬಹಳಷ್ಟು ದಿನ ಸುಖವಾಗಿಯೇ ಇದ್ದೇನೆ.

ಫೋನ್ ಮಾಡಿದವರು ನಂಜುಂಡಯ್ಯ (ಹೆಸರು ಬದಲಿಸಿದ್ದೇನೆ, ಬಾಡಿಗೆದಾರರ ಮರ್ಯಾದೆ ಮುಖ್ಯ). ಪೀಣ್ಯದಲ್ಲಿ ಮೆಷಿನ್ ಪಾರ್ಟ್ಸ್ ಮಾಡುವ ಸಣ್ಣ ಫ್ಯಾಕ್ಟರಿ ಅವರದು. ವಯಸ್ಸು ಐವತ್ತೈದರ ಮೇಲೆ. ಈ ಸರ್ವರ್ ಮೊದಲು ಬಾಡಿಗೆಗೆ ಹಿಡಿದದ್ದು ಅವರಲ್ಲ, ಅವರ ಫ್ಯಾಕ್ಟರಿಯ ಬಸವರಾಜ. ಗದಗಿನ ಕಡೆಯವನು, ಮಾದನಾಯಕನಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದಾನೆ. ಅವನೂ ಅವನ ಹತ್ತು ಜನ ಜೊತೆಗಾರರೂ ಭಾನುವಾರ ಮಧ್ಯಾಹ್ನ ತಂತಮ್ಮ ರೂಮುಗಳಲ್ಲಿ ಹಳೇ ಲ್ಯಾಪ್‌ಟಾಪ್ ಮುಂದೆ ಕೂತು, ಎರಡು ಟೀಮ್ ಮಾಡಿಕೊಂಡು ಗುಂಡು ಹಾರಿಸುವ ಆಟ ಆಡುತ್ತಿದ್ದರು. ಸೋಮವಾರ ಮೆಷಿನ್ ಹತ್ತಿರ ಅದೇ ಮಾತು, ಅದೇ ನಗು.

ಆ ನಗು ನಂಜುಂಡಯ್ಯನವರ ಕ್ಯಾಬಿನ್ನಿಗೆ ಕೇಳಿಸಿತು. ಅಲ್ಲಿಂದ ಶುರು.

“ನಾನೂ ಆಡ್ತೀನಿ ಕಣ್ರಪ್ಪಾ. ಬಾಡಿಗೆ ಇನ್ಮೇಲೆ ನಂದು” ಎಂದರಂತೆ. ಬೇಡ ಅನ್ನಲು ಯಾರಿಗೆ ಧೈರ್ಯ? ಅಂದಿನಿಂದ ಅವರು ಸೋತದ್ದೇ ಇಲ್ಲ.

“ನಿಜ ಹೇಳಿ ಮೇಡಂ. ನಾನು ಬಾಡಿಗೆ ಕಟ್ತೀನಿ ಅಂತ ನನ್ನ ಕಡೆ ಏನಾದ್ರೂ ಅಡ್ಜಸ್ಟ್ ಮಾಡಿದೀರಾ? ಸೋಮವಾರ ಹುಡುಗ್ರು ನಗೋದೇ ನಿಲ್ಲಿಸಿಬಿಟ್ಟಿದಾರೆ. ನಾನು ಹೋದ್ರೆ ಮೆಷಿನ್ ನೋಡ್ತಾರೆ. ಆ ನಗುವಿಗೋಸ್ಕರ ಅಲ್ವಾ ನಾನು ಸೇರಿದ್ದು?”

ದನಿ ಸಣ್ಣಗಾಗಿತ್ತು. ನನಗೆ ಪಾಪ ಅನ್ನಿಸಿತು.

ನೋಡಿ ಹೇಳ್ತೀನಿ ಅಂದೆ. ಯಾರು ಯಾರಿಗೆ ಗುಂಡು ಹೊಡೆದರು, ಆಡುವಾಗ ಏನೇನು ಬರೆದುಕೊಂಡರು ಎಲ್ಲವನ್ನೂ ಸರ್ವರ್ ಬರೆದಿಡುತ್ತದೆ. ಓದುತ್ತಾ ಹೋದೆ. ಮೊದಲ ಭಾನುವಾರ ಬಸವರಾಜ ಒಮ್ಮೆ ಓನರಿಗೆ ಹೊಡೆದಿದ್ದಾನೆ. ಹಿಂದೆಯೇ ‘ಸಾರಿ ಸರ್’ ಎಂದು ಮೂರು ಸಲ ಬರೆದಿದ್ದಾನೆ. ಆಮೇಲೆ ಯಾರೂ ಅವರನ್ನು ಮುಟ್ಟಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಸಾಲುಗಳು ಹೀಗಿದ್ದವು: “ಸಾವ್ಕಾರ್ರು ಬಂದ್ರು, ಹಾದಿ ಬಿಡ್ರಿ.” “ಹೊಡೀಬ್ಯಾಡ್ರಲೇ, ನಾಳೆ ಓಟಿ ಕೇಳೋದೈತಿ.” ಇವೆಲ್ಲ ಓನರಿಗೆ ಕಾಣದಂತೆ ತಮ್ಮ ಟೀಮಿನೊಳಗೇ ಬರೆದುಕೊಂಡದ್ದು. ಕಾಲು ಗಂಟೆ ಕಳೆಯುವಷ್ಟರಲ್ಲಿ ಎಲ್ಲರೂ ‘ಕರೆಂಟ್ ಹೋಯ್ತು’ ಎಂದು ಬರೆದು ಆಟ ಬಿಟ್ಟಿದ್ದರು. ಕರೆಂಟ್ ಹೋದ ಮೇಲೆ ಅದನ್ನು ಬರೆದದ್ದು ಹೇಗೆ? ಬರೆಯಲಿ ಬಿಡಿ. ಬೆಂಗಳೂರಿನ ನಾಲ್ಕು ಮೂಲೆಯಲ್ಲಿ ಒಂದೇ ನಿಮಿಷಕ್ಕೆ ಹೋದದ್ದು ಹೇಗೆ?

ಈಗ ಏನು ಹೇಳಲಿ? ನಿಜ ಹೇಳಿದರೆ ಹುಡುಗರ ಓವರ್‌ಟೈಮಿಗೆ ಕಲ್ಲು. ಸುಳ್ಳು ಹೇಳಿದರೆ ಈ ಮನುಷ್ಯ ಸಾಯುವ ತನಕ ಗೆಲ್ಲುತ್ತಲೇ ಇರಬೇಕು. ವಠಾರದ ಓನರಿಗೆ ಎಲ್ಲ ಮನೆಯ ಜಗಳವೂ ಕೇಳಿಸುತ್ತದೆ, ಆದರೆ ಬಾಯಿ ಬಿಡಬಾರದು.

ಫೋನ್ ಮಾಡಿ, “ಸರ್ವರ್ ಸರಿಯಾಗಿದೆ ಸಾರ್” ಅಂದೆ.

“ಹಾಗಾದ್ರೆ ನಾನೇ ಅಷ್ಟು ಚೆನ್ನಾಗಿ ಆಡ್ತೀನಾ?”

ಹೌದು ಅಂದಿದ್ದರೆ ಒಳ್ಳೆ ವ್ಯಾಪಾರಸ್ಥೆ ಅನ್ನಿಸಿಕೊಳ್ಳುತ್ತಿದ್ದೆ. ಬಾಯಿ ಬರಲಿಲ್ಲ. “ಮುಂದಿನ ವಾರ ಬೇರೆ ಹೆಸರಲ್ಲಿ ಬನ್ನಿ ಸಾರ್. ನೀವು ಅಂತ ಯಾರಿಗೂ ಗೊತ್ತಾಗೋದು ಬೇಡ. ಒಂದೇ ಕಂಡೀಷನ್. ಅಲ್ಲಿ ನೋಡಿದ್ದು, ಓದಿದ್ದು ಫ್ಯಾಕ್ಟರಿ ಗೇಟ್ ಒಳಗೆ ಬರಬಾರದು.”

“ಆಯ್ತು, ಮಾತು ಕೊಟ್ಟೆ. ಪಾಪಣ್ಣ ಅಂತ ಹಾಕಿ. ನಮ್ಮಮ್ಮ ಹಾಗೇ ಕರೀತಿದ್ರು.”

ಭಾನುವಾರ ನಾನು ಯಾರ ಆಟವನ್ನೂ ನೋಡುವವಳಲ್ಲ. ಅವತ್ತು ಅನ್ನಕ್ಕೆ ಮೊಸರು ಕಲಸಿಕೊಂಡು ಸ್ಕ್ರೀನ್ ಮುಂದೆ ಕೂತೆ. ಓನರ್ ಬಾರದ್ದು ನೋಡಿ ಹನ್ನೊಂದೂ ಜನ ಹಾಜರು. ಯಾರ ಮನೆಯಲ್ಲೂ ಕರೆಂಟ್ ಹೋಗಲಿಲ್ಲ. ಪಾಪಣ್ಣ ಒಳಗೆ ಬಂದರು. ಬಂದ ನಿಮಿಷದಲ್ಲೇ ಸತ್ತರು. ಎದ್ದರು, ಮತ್ತೆ ಸತ್ತರು.

“ಯಾರಲೇ ಇವ ಪಾಪಣ್ಣ? ಗ್ವಾಡಿಗೆ ಗುಂಡ ಹೊಡ್ಯಾಕತ್ಯಾನಲ್ಲ!” ಎಂದು ಒಬ್ಬ ಬರೆದ. ಇನ್ನೊಬ್ಬ, “ಗುರು, ಗನ್ ಉಲ್ಟಾ ಹಿಡ್ಕೊಂಡಿದೀಯಾ?” ಎಂದ. ಬಸವರಾಜ ಬರೆದದ್ದು ಮಾತ್ರ ಬೇರೆ: “ಬಾಗಲದಾಗ ನಿಂದರಬ್ಯಾಡ ಪಾಪಣ್ಣ. ನನ್ನ ಹಿಂದ ಬಾ.”

ಪಾಪಣ್ಣ ಅವನ ಹಿಂದೆ ಹೋದರು. ಸಾವಿರ ಸಲ ಫ್ಯಾಕ್ಟರಿಯಲ್ಲಿ ಅವರ ಹಿಂದೆ ನಡೆದವನ ಹಿಂದೆ.

ನಡುವೆ ಯಾರೋ ಬರೆದೇಬಿಟ್ಟ: “ಇವತ್ತ ಸಾವ್ಕಾರ್ರು ಬಂದಿಲ್ಲ. ಆರಾಮ ಐತಿ ನೋಡ್ರಿ.”

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮುಗಿಯಿತು, ನಾಳೆ ಯಾರದೋ ಕೆಲಸ ಹೋಗುತ್ತದೆ, ಕಾರಣ ನಾನು. ಪಾಪಣ್ಣ ನಿಂತಲ್ಲೇ ನಿಂತುಬಿಟ್ಟರು. ಆಮೇಲೆ ಅವರ ಹೆಸರಿನ ಮುಂದೆ ಒಂದು ಸಾಲು ಮೂಡಿತು.

“ಹೌದಪ್ಪ. ಆರಾಮಾಗಿದೆ.”

ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣು ಒದ್ದೆಯಾಯಿತು.

ಸಂಜೆ ಅವರದೇ ಫೋನ್. “ಮೇಡಂ, ಹದಿನೇಳು ಸಲ ಸತ್ತೆ! ಎರಡು ಹೊಡೆದೆ. ಎರಡೂ ನನ್ನ ಸ್ವಂತ ಸಂಪಾದನೆ!” ಫ್ಯಾಕ್ಟರಿ ಶುರು ಮಾಡಿದ ದಿನವೂ ಇಷ್ಟು ಖುಷಿಪಟ್ಟಿದ್ದರೋ ಇಲ್ಲವೋ. ಮಾರನೆಯ ದಿನ, ನನಗೆ ಇನ್ನು ಪುರುಸೊತ್ತಿಲ್ಲ, ನೀವೇ ಆಡಿಕೊಳ್ಳಿ, ಬಾಡಿಗೆ ಮಾತ್ರ ನಂದೇ ಎಂದು ಹುಡುಗರಿಗೆ ಹೇಳಿದರಂತೆ. ಪಾಪಣ್ಣ ಮಾತ್ರ ಪ್ರತಿ ಭಾನುವಾರ ಹಾಜರು. ಸೋಮವಾರದ ನಗು ವಾಪಸ್ ಬಂದಿದೆಯಂತೆ. ನಗುವುದು ಪಾಪಣ್ಣನ ಬಗ್ಗೆ. ಇವರು ಟೀ ಲೋಟ ಹಿಡಿದು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಾರಂತೆ.

ಎರಡು ತಿಂಗಳು ಕಳೆಯಿತು. ಮೊನ್ನೆ ಬಸವರಾಜ ಯಾವುದೋ ಪಾಸ್‌ವರ್ಡ್ ಮರೆತು ಫೋನ್ ಮಾಡಿದ. ಕೆಲಸ ಮುಗಿದ ಮೇಲೂ ಫೋನ್ ಇಡಲಿಲ್ಲ.

“ಅಕ್ಕಾರ, ಒಂದ್ ಮಾತು. ಪಾಪಣ್ಣ ಯಾರಂತ ನಮಗ ಎರಡನೇ ವಾರದಾಗ ಗೊತ್ತಾತ್ರಿ. ಎಲ್ಲಾದಕ್ಕೂ ‘ಆಯ್ತು ಕಣ್ರಪ್ಪಾ’ ಅಂತ ಬರೀತಾರ. ಹಂಗ ಅನ್ನೋರು ನಮ್ಮ ಫ್ಯಾಕ್ಟರ್‍ಯಾಗ ಒಬ್ಬರ ಇರೋದು.”

ನನಗೆ ಗಾಬರಿ. ಮತ್ತೆ ಶುರುವಾಯಿತಾ ಓನರ್ ಗೆಲ್ಲುವ ಕಥೆ? ಆದರೆ ಹೋದ ಭಾನುವಾರವೂ ಅವರು ಹದಿನಾಲ್ಕು ಸಲ ಸತ್ತದ್ದನ್ನು ಹೆಮ್ಮೆಯಿಂದ ಹೇಳಿದ್ದರಲ್ಲ?

“ಗೊತ್ತಿದ್ದೂ ಹೊಡೀತಿದೀರಾ ಬಸವರಾಜ?”

“ಮತ್ತ? ಸಾವ್ಕಾರ್ರಿಗೆ ಹೊಡ್ಯಾಕ ಕೈ ಬರಂಗಿಲ್ರಿ. ಪಾಪಣ್ಣಗ ಹೊಡ್ಯಾಕ ಏನಡ್ಡಿ?”